ಅಣ್ಣ ಊದಿದ ಕೊನೆಯ ಗೋಳ

ಅಂದು ಬೆಳಿಗ್ಗೆ ಮಾತಾಡಿದರೆ ಬಾಯಿಂದ ಆವಿ ಏಳುವಷ್ಟು ಚಳಿಯಿತ್ತು. ಅದಕ್ಕೆ ವಾರದ ಹಿಂದೆ, ಕುಲುಮೆ ಬಿರುಕು ಬಿಟ್ಟಿದ್ದು ಗೊತ್ತಿದ್ದೂ ನಮ್ಮ ಗಾಜಿನ ಕಾರ್ಖಾನೆಯ ಮೇಸ್ತ್ರಿ ಅಣ್ಣನನ್ನು ಅದರ ಮುಂದೆ ನಿಲ್ಲಿಸಿ ಕೊಂದಿದ್ದ. ಹಿಂದಿನ ಸಂಜೆ ನಾನು ದೇವರೆದುರು ಕೂತು, "ಆ ಮೇಸ್ತ್ರಿ ಉಸಿರು ತಗೋ ತಂದೆ, ಬದಲಿಗೆ ನನ್ನದರಲ್ಲಿ ಅರ್ಧ ಕೊಡ್ತೀನಿ" ಎಂದು ಬೇಡಿಕೊಂಡಿದ್ದೆ.

ಮೇಸ್ತ್ರಿ ಎಂದಿನಂತೆ ಬಂದ. "ಏನಮ್ಮಾ, ಗಾಜು ಊದೋಕೆ ಬಂದ್ಯಾ, ಮುಖ ಊದಿಸ್ಕೊಂಡು ಕೂರೋಕಾ?" ಎಂದು ಚುಡಾಯಿಸಿದ. ನಕ್ಕವರೆಲ್ಲರ ಬಾಯಿಂದಲೂ ಆವಿ ಎದ್ದಿತು, ಅವನ ಬಾಯಿಂದ ಮಾತ್ರ ಏನೂ ಬರಲಿಲ್ಲ. ಕೊಳವೆಗೆ ಬಾಯಿಟ್ಟು ಕೆನ್ನೆ ಉಬ್ಬಿಸಿದ. ತುದಿಯಲ್ಲಿದ್ದ ಕಾದ ಗಾಜು ಅಲುಗಲಿಲ್ಲ. ನನಗೆ ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಂತು.

ಸತ್ತವನು ಕೊನೆಗೆ ಊದಿದ ಗೋಳ ಅವನ ಮನೆಗೇ ಸೇರಬೇಕೆಂಬುದು ನಮ್ಮ ಕಸುಬಿನವರ ಪದ್ಧತಿ. ಮಧ್ಯಾಹ್ನ ಮೇಸ್ತ್ರಿ ಬಟ್ಟೆಯ ಗಂಟು ಬಿಚ್ಚಿ ಅಂಥದೊಂದು ಗೋಳ ತೋರಿಸಿದ. ಬಾಯಿ ಮುಚ್ಚಿದ ಆ ಗಾಜಿನೊಳಗೆ ಯಾರೋ ಉಸಿರಾಡುತ್ತಿರುವಂತೆ ಮಂಜು ಕಟ್ಟುತ್ತಿತ್ತು, ಕರಗುತ್ತಿತ್ತು, ಮತ್ತೆ ಕಟ್ಟುತ್ತಿತ್ತು.

"ನಿಮ್ಮಣ್ಣಂದು. ಒಡೀಬಾರ್ದು ಅಂತ ನಾನೇ ಬಚ್ಚಿಟ್ಟಿದ್ದೆ, ತಗೋಳಮ್ಮಾ" ಎಂದು ಮೆಲ್ಲಗೆ ನನ್ನ ಕೈಗಿಟ್ಟ.