ಖರ್ಚಿಲ್ಲದ ಬಲಿ

“ಕೂಲಿಗೆ ಬೇಕಾದ್ರೆ ಚೌಕಾಸಿ ಮಾಡು ಮಗಾ. ಹುಂಜದ ದುಡ್ಡಿಗೆ ಮಾತ್ರ ಮಾಡಬೇಡ,” ಎಂದಳು ಬೇಲಿಯಾಚೆಯ ಜ್ಲಾತಜ್ಜಿ. “ಪಾಯಕ್ಕೆ ಏನೂ ಕೊಡದೆ ಈ ಊರಲ್ಲಿ ಯಾರೂ ಗೋಡೆ ಎಬ್ಬಿಸಿಲ್ಲ.”

ಲ್ಯುಬೆನ್ ನಕ್ಕ. “ಪಾಯಕ್ಕೆ ಸಿಮೆಂಟು ಕೊಡ್ತಾರೆ ಅಜ್ಜಿ. ಕೋಳಿಸಾರು ಯಾರೂ ಕೊಡಲ್ಲ.”

ಅವನು ಪ್ಲೊವ್ದಿವ್ ಪಟ್ಟಣದವನು. ರೊಡೊಪಿ ಬೆಟ್ಟದ ಕ್ರಿವಾ ಚೆಶ್ಮ ಎಂಬ ಊರಲ್ಲಿ ಜಾಗ ಕೊಂಡು, ಪ್ರವಾಸಿಗರಿಗೆ ಬಾಡಿಗೆ ಕೊಡಲು ಕಲ್ಲಿನ ಮನೆ ಕಟ್ಟಿಸಹೊರಟಿದ್ದ. ದುಡ್ಡಿತ್ತು. ಕೊಡುವ ಕೈ ಇರಲಿಲ್ಲ.

ಮೇಸ್ತ್ರಿ ಸ್ಪಾಸ್ ಯಾರ ಕೈಕೆಳಗೂ ದುಡಿದವನಲ್ಲ. ಉಳಿ, ಸುತ್ತಿಗೆ, ತೂಗುಗುಂಡು ಚೀಲಕ್ಕೆ ಹಾಕಿಕೊಂಡು ಕರೆದಲ್ಲಿಗೆ ಹೋಗುವವನು. ಒಂದೇ ಬೆಲೆ ಹೇಳುವವನು. ಹನ್ನೆರಡು ಸಾವಿರ ಲೆವ ಎಂದ.

“ಹನ್ನೆರಡಾ? ಕಲ್ಲು ನಂದು, ಮರಳು ನಂದು, ಸುಣ್ಣ ನಂದು. ನಿಂದೇನು? ಎರಡು ಕೈ.”

“ಆ ಎರಡು ಕೈ ಪಳಗೋಕೆ ಮೂವತ್ತು ವರ್ಷ ಹಿಡೀತು ಯಜಮಾನ್ರೇ.”

“ಏಳು ಕೊಡ್ತೀನಿ. ಬರೋ ಗೆಳೆಯರಿಗೆಲ್ಲ ನಿನ್ನ ಹೆಸರು ಹೇಳ್ತೀನಿ.”

“ಹೆಸರು ಬೇಯಿಸ್ಕೊಂಡು ತಿನ್ನೋಕಾಗಲ್ಲ.”

ಆ ವರ್ಷ ಬೇರೆ ಕೆಲಸವಿರಲಿಲ್ಲ. ಮೇಸ್ತ್ರಿಯ ಹೆಂಡತಿ ಹಾಸಿಗೆ ಹಿಡಿದಿದ್ದಳು. ಊರಿಗೆಲ್ಲ ಗೊತ್ತಿದ್ದ ಈ ಮಾತು ಲ್ಯುಬೆನ್‌ಗೂ ಗೊತ್ತಿತ್ತು. ಅದನ್ನೇ ಹಿಡಿದು ಜಗ್ಗಿದ. ಏಳೂವರೆಗೆ ಒಪ್ಪಿಸಿದ. ದುಡಿಯುವವನ ಕಷ್ಟವನ್ನು ತಕ್ಕಡಿಗೆ ಹಾಕುವವನಿಗಿಂತ ಜೇಬುಗಳ್ಳನೇ ವಾಸಿ.

ಕೊನೆಗೆ ಸ್ಪಾಸ್ ಹೇಳಿದ: “ಹುಂಜಕ್ಕೆ ನಲವತ್ತು ಲೆವ ಬೇರೆ. ಮೂಲೆಗಲ್ಲಿನ ಕೆಳಗೆ ಕೊಯ್ಯಬೇಕು.”

“ಆ ನಲವತ್ತೂ ಇಲ್ಲ.”

“ಪಾಯ ಬರಿಹೊಟ್ಟೇಲಿ ಇರಬಾರದು.”

“ನನಗೆ ಖರ್ಚಿಲ್ಲದ್ದು ಏನು ಬೇಕಾದ್ರೂ ಹಾಕ್ಕೋ ಮಾರಾಯ!”

ಸ್ಪಾಸ್ ಚೀಲ ಕೆಳಗಿಟ್ಟ. “ಇನ್ನೊಂದ್ಸಲ ಹೇಳಿ.”

ಲ್ಯುಬೆನ್ ಇನ್ನೊಮ್ಮೆ ಹೇಳಿದ. ಇನ್ನೂ ಜೋರಾಗಿ.

ಮರುದಿನ ಬೆಳಗ್ಗೆ ಅವನು ಪಾಯದ ಗುಂಡಿಯ ಅಂಚಿನಲ್ಲಿ ನಿಂತು ಕಾಫಿ ಹೀರುತ್ತಿದ್ದ. ಬಿಸಿಲು ಬೆನ್ನಿಗಿತ್ತು. ನೆರಳು ಉದ್ದಕ್ಕೆ ಗುಂಡಿಯೊಳಗೆ ಬಿದ್ದಿತ್ತು. ಸ್ಪಾಸ್ ಕೆಳಗಿಳಿದು ಕೆಂಪು ಉಣ್ಣೆಯ ದಾರ ಬಿಚ್ಚಿದ. ನೆರಳಿನ ಪಾದದಿಂದ ತಲೆಯವರೆಗೆ ಹಿಡಿದ. ಅಷ್ಟುದ್ದಕ್ಕೆ ದಾರ ಕತ್ತರಿಸಿದ.

ಬೇಲಿಯಾಚೆ ಬಕೆಟ್ ಉರುಳಿದ ಸದ್ದು. “ಪಕ್ಕಕ್ಕೆ ಸರಿಯೋ! ಸರಿಯೋ ಮಗಾ!” ಎಂದು ಜ್ಲಾತಜ್ಜಿ ಚೀರಿದಳು.

ಲ್ಯುಬೆನ್ ಲೋಟ ಎತ್ತಿ ಅವಳತ್ತ ಆಡಿಸಿದ. “ಬಾಗಿಲಿನ ಅಳತೆ ತಗೋತಿದಾನೆ ಅಜ್ಜಿ!”

ಸ್ಪಾಸ್ ದಾರವನ್ನು ಸುರುಳಿ ಸುತ್ತಿ ಮೂಲೆಗಲ್ಲಿನ ಸಂದಿಗೆ ತುರುಕಿ, ಮೇಲೆ ಹಸಿ ಗಾರೆ ಮೆತ್ತಿದ.

ಗೋಡೆ ಎದ್ದಿತು. ಅಂಥ ಗೋಡೆ ಆ ಊರಲ್ಲಿ ಇರಲಿಲ್ಲ. ಕಲ್ಲಿಗೆ ಕಲ್ಲು ಹಲ್ಲಿನಂತೆ ಕಚ್ಚಿಕೊಂಡಿತು. ತಿಂಗಳಲ್ಲಿ ಕೆಲಸ ಮುಗಿಸಿದ ಸ್ಪಾಸ್ ಏಳೂವರೆ ಸಾವಿರ ಎಣಿಸಿಕೊಂಡು, ಹಿಂತಿರುಗಿ ನೋಡದೆ ಹೋದ. ಬಡಗಿಗಳು ಮಾಡು ಹೊದಿಸತೊಡಗಿದರು.

ಅಷ್ಟರಲ್ಲಿ ಲ್ಯುಬೆನ್‌ನ ಬಾಯಿಗೆ ಸುಣ್ಣದ ರುಚಿ ಅಂಟಿತ್ತು. ಬ್ರೆಡ್ಡು ತಿಂದರೆ ಸುಣ್ಣ. ನೀರು ಕುಡಿದರೆ ಸುಣ್ಣ. ಬೆಳಗ್ಗೆ ಎದ್ದರೆ ಹಲ್ಲಿನ ಸಂದಿಯಲ್ಲಿ ಮರಳು. ಜೂನ್ ಬಿಸಿಲಲ್ಲೂ ಮೈ ನೆಲಮಾಳಿಗೆಯಂತೆ ತಣ್ಣಗೆ. ಪಟ್ಟಣದ ಡಾಕ್ಟರು ರಕ್ತ ನೋಡಿದರು, ಎದೆ ನೋಡಿದರು, ಏನೂ ಇಲ್ಲ ಎಂದರು.

ಒಂದು ಸಂಜೆ ಬಡಗಿಗಳ ಜೊತೆ ಅಂಗಳದಲ್ಲಿ ನಿಂತಿದ್ದ. ಅವರ ನೆರಳು ರಸ್ತೆಯವರೆಗೆ ಚಾಚಿತ್ತು. ಅವನದು ಮೊಣಕಾಲಿನಷ್ಟು. ಅಂಚು ಇಲಿ ಕಡಿದ ಬಟ್ಟೆಯಂತೆ ಹರಿದಿತ್ತು. ಕಾಲು ಎತ್ತಿದ. ನೆರಳು ಎತ್ತಲಿಲ್ಲ. ಗೋಡೆಯ ಕಡೆಗೆ ಒಂದು ಗೇಣು ಜರುಗಿತು. ಆಗ ಅವನಿಗೆ ಆ ಕೆಂಪು ದಾರ, ಅಜ್ಜಿಯ ಚೀರಾಟ ನೆನಪಾದವು.

ದಾರ ಹುದುಗಿಸಿದ ಮೂವತ್ಮೂರನೆಯ ದಿನ ಅವನು ಸ್ಪಾಸನ ಬಾಗಿಲು ಬಡಿದ.

“ಹನ್ನೆರಡು ತಗೋ. ಇಪ್ಪತ್ತು ತಗೋ. ಆ ದಾರ ತೆಗಿ ಮೇಸ್ತ್ರಿ!”

“ನೀವು ಕೊಟ್ಟಿದ್ದನ್ನೇ ಹಾಕಿದೀನಿ. ಎರಡು ಸಲ ಕೇಳಿದೆ.” ಸ್ಪಾಸನ ದನಿಯಲ್ಲಿ ಸಿಟ್ಟಿರಲಿಲ್ಲ, ಸಂಕಟವಿತ್ತು. “ಸಿಟ್ಟಲ್ಲಿ ಮಾಡ್ದೆ. ತಪ್ಪು ನಂದೂ ಇದೆ. ನಲವತ್ತನೇ ದಿನಕ್ಕೆ ಮುಗಿಯುತ್ತೆ.”

“ಏನು ಮುಗಿಯುತ್ತೆ?”

“ನಿಮ್ಮ ಆಯಸ್ಸು,” ಎಂದ ಸ್ಪಾಸ್. ಒಳಗಿನಿಂದ ಅವನ ಹೆಂಡತಿಯ ಕೆಮ್ಮು ಕೇಳಿಸಿತು.

“ತೆಗಿ ಅಂದೆ!”

“ತೆಗೆದ್ರೆ ಅಲ್ಲಿಗೆ ಇನ್ನೊಬ್ಬರ ನೆರಳು ಬೇಕು. ಮನುಷ್ಯನ ರುಚಿ ಕಂಡ ಗೋಡೆ ಈಗ ಹುಂಜ ಮುಟ್ಟಲ್ಲ. ಆ ಕೆಲಸಕ್ಕೆ ನಾನು ಬರಲ್ಲ. ಎಷ್ಟು ಕೊಟ್ರೂ ಬರಲ್ಲ. ಮನೆ ಕೆಡವಿ, ಓಡಿಹೋಗಿ. ಬದುಕಿದ್ರೆ ಬದುಕ್ತೀರಿ.”

ಕೆಡವುವುದೇ? ಅಷ್ಟು ದುಡ್ಡು ಸುರಿದ ಮನೆಯನ್ನು? ದಾರಿಯುದ್ದಕ್ಕೂ ಲ್ಯುಬೆನ್ ಲೆಕ್ಕ ಹಾಕಿದ. ಇನ್ನೊಬ್ಬರ ನೆರಳು. ಯಾರದ್ದು? ಯಾರು ಹೋದರೆ ನಷ್ಟ ಕಡಿಮೆ? ಸಾಯುವ ಗಳಿಗೆಯಲ್ಲೂ ಅವನಿಗೆ ಅಗ್ಗದ್ದೇ ಬೇಕಿತ್ತು.

ಜ್ಲಾತಜ್ಜಿಗೆ ಎಂಬತ್ತೇಳು ವರ್ಷ.

ಬೆಳಗ್ಗೆ ಅವಳು ಮನೆಯ ಮುಂದೆ ನಿಂತು ಹುರುಳಿಕಾಯಿ ಒಣಹಾಕುತ್ತಿದ್ದಳು. ಬಗ್ಗಿದ ಪುಟ್ಟ ನೆರಳು ಹಿಂದೆ ಬಿದ್ದಿತ್ತು. ಲ್ಯುಬೆನ್ ಬೇಲಿ ದಾಟಿ ಬಂದ. ಹೊಸದೊಂದು ಉಣ್ಣೆಯ ದಾರ, ಕತ್ತರಿ ಜೇಬಿನಲ್ಲಿದ್ದವು.

“ಬಾ ಮಗಾ. ಮೊಸರಿದೆ, ಕುಡಿ. ಬಿಳಿಚ್ಕೊಂಡಿದೀಯ. ನಿನಗೋಸ್ಕರ ದಿನಾ ಮೇಣದಬತ್ತಿ ಹಚ್ತಿದೀನಿ.”

ಅವನು ಅವಳ ಬೆನ್ನ ಹಿಂದೆ ಕುಕ್ಕರಿಸಿದ. ಪಾದ. ಸೊಂಟ. ತಲೆವಸ್ತ್ರದ ತುದಿ. ಕತ್ತರಿ ಕಚ್ ಎಂದಿತು.

ಅಜ್ಜಿ ತಿರುಗಲಿಲ್ಲ. ಕೈ ಮಾತ್ರ ಹುರುಳಿಕಾಯಿಯ ಮೇಲೆ ನಿಂತಿತು.

“ನಂದು ಸಾಲಲ್ಲ ಮಗಾ,” ಎಂದಳು ಮೆಲ್ಲಗೆ.

ಅವನು ಓಡಿದ. ಉಳಿ ಹಿಡಿದು ಗಾರೆ ಕೆತ್ತಿದ. ಮೂಲೆಗಲ್ಲಿನ ಸಂದಿಯಿಂದ ಹಳೇ ಬಾವಿಯ ಕೊಳೆತ ಉಸಿರು ಬಂತು. ಒಳಗೆ ಕೈ ಹಾಕಿದ. ಕೆಂಪು ದಾರ ಒದ್ದೆಯಾಗಿತ್ತು. ಬೆಚ್ಚಗಿತ್ತು. ಕೈಯೊಳಗೆ ಮಿಡಿಯುತ್ತಿತ್ತು. ಎಳೆದು ತೆಗೆದು ಸುಟ್ಟ. ಅಜ್ಜಿಯ ದಾರ ತುರುಕಿ ಗಾರೆ ಮೆತ್ತಿದ. ಮೇಸ್ತ್ರಿಯ ಕೂಲಿಯೂ ಉಳಿಯಿತು.

ಆ ಸಂಜೆಯೇ ಅವನ ನೆರಳು ರಸ್ತೆ ಮುಟ್ಟಿತು. ಬ್ರೆಡ್ಡಿಗೆ ಬ್ರೆಡ್ಡಿನ ರುಚಿ ಬಂತು. ಅವನು ಅತ್ತುಬಿಟ್ಟ. ಆಮೇಲೆ ನಕ್ಕ. ಬೇಲಿಯ ಕಡೆ ಮಾತ್ರ ನೋಡಲಿಲ್ಲ. ಮಾಡು ಮುಗಿಯಿತು. ಬಡಗಿಗಳನ್ನು ಕಳಿಸಿ ಹೊಸ ಮನೆ ಹೊಕ್ಕ.

ಒಂಬತ್ತನೆಯ ದಿನ, ನಡುಮಧ್ಯಾಹ್ನ. ಉಣ್ಣಲು ಕೂತಿದ್ದ. ಚರ್ಚಿನ ಗಂಟೆ ಬಡಿಯಿತು. ನಿಧಾನವಾಗಿ. ಒಂದು. ತಡೆದು, ಇನ್ನೊಂದು. ಸತ್ತವರಿಗೆ ಬಡಿಯುವ ಬಡಿತ.

ಜ್ಲಾತಜ್ಜಿ.

ಸೂಪಿನ ಬಟ್ಟಲಿಗೆ ಮರಳು ಉದುರಿತು.

ಅವನು ತಲೆ ಎತ್ತಿದ. ಮತ್ತೆ ಉದುರಿತು. ಆಗ ಅವನಿಗೆ ಅರ್ಥವಾಯಿತು. ಅವಳಲ್ಲಿ ಉಳಿದಿದ್ದೇ ಒಂಬತ್ತು ದಿನ. ಗೋಡೆಗೆ ಸಿಕ್ಕಿದ್ದೂ ಅಷ್ಟೇ. ಈಗ ಪಾಯ ಖಾಲಿ. ಹಸಿದಿದೆ. ಅವನೊಬ್ಬನೇ ಒಳಗಿದ್ದಾನೆ.

ಎದ್ದ. ಬಾಗಿಲು ಎಳೆದ. ಬರಲಿಲ್ಲ. ಚೌಕಟ್ಟು ಬಾಗಿತ್ತು. ಕಲ್ಲುಗಳು ಗರಗರ ಹಲ್ಲು ಮಸೆದವು. ಕಿಟಕಿ ಕಿರಿದಾಯಿತು. ಬೆಳಕು ಗೇಣಾಯಿತು. ಬೆರಳಾಯಿತು. ಸುಣ್ಣದ ಹೊಗೆ. ಕತ್ತಲು. ಕಿರುಚಿದ. ಬಾಯಿ ತುಂಬ ಧೂಳು. ಮಾಡು ಕುಸಿಯಿತು. ಅವನು ಮೂಲೆಗೆ ಆತುಕೊಂಡ. ಮೂಲೆ ಅವನನ್ನು ಹಿಡಿದುಕೊಂಡಿತು.

ಊರವರು ಅಜ್ಜಿಯ ಮನೆಯಿಂದ ಓಡಿಬಂದರು. ಮೂರು ಗೋಡೆ ನೆಲಕ್ಕೊರಗಿತ್ತು. ಮೂಲೆಗಲ್ಲಿದ್ದ ಮೂಲೆ ಮಾತ್ರ ನಿಂತಿತ್ತು. ಎರಡು ಕಲ್ಲುಗಳ ನಡುವಿನಿಂದ ಒಂದು ಕೈ ಹೊರಗೆ ಚಾಚಿತ್ತು. ಬೆರಳು ಆಡುತ್ತಿದ್ದವು.

“ಮೀಟ್ರೋ! ಹಾರೆ ತನ್ನಿ!”

ಸ್ಪಾಸ್ ಎಲ್ಲರಿಗಿಂತ ಮೊದಲು ಹಾರೆ ಹಾಕಿದ. ಒಂದು ಕಲ್ಲು ಎಳೆದರೆ ಇನ್ನೊಂದು ಜಾರಿ ಒತ್ತಿತು. ಒಳಗಿನಿಂದ ನರಳಾಟ. ಇನ್ನೊಂದು ಎಳೆದರು. ಗೋಡೆ ಇನ್ನೂ ಬಿಗಿಯಾಯಿತು. ಸ್ಪಾಸ್ ಕಲ್ಲಿಗೆ ಕಿವಿ ಇಟ್ಟು ಕೇಳಿದ. ಹಾರೆ ಕೆಳಗಿಟ್ಟ.

“ಬಿಡ್ರಪ್ಪಾ. ಎಳೆದಷ್ಟೂ ನೋವು ಅವನಿಗೇ.”

ಅವನು ಅಲ್ಲೇ ಮಣ್ಣಲ್ಲಿ ಕೂತು, ಹೊರಗೆ ಚಾಚಿದ್ದ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡ. ಬೆರಳುಗಳು ಅವನ ಅಂಗೈಯನ್ನು ಗಟ್ಟಿಯಾಗಿ ಅವುಚಿದವು. ಸಂಜೆ ಇಳಿಯುವ ಹೊತ್ತಿಗೆ ಸಡಿಲವಾದವು. ಸ್ಪಾಸ್ ಕೈ ಬಿಟ್ಟು ಎದ್ದ. ಆ ಕಲ್ಲುಗಳ ನಡುವಿನ ಬಿರುಕು ಮಣಿಕಟ್ಟಿನ ಸುತ್ತ, ಗಾರೆಯ ಹಂಗಿಲ್ಲದೆ, ಕೂದಲು ತೂರದಷ್ಟು ಬಿಗಿಯಾಗಿ ಮುಚ್ಚಿಕೊಂಡಿತ್ತು.