ಅಸರ್ ಹೊತ್ತಿನ ಬಿಸಿಲು

ಗಾಜಿನವನ ನಕ್ಷೆ ನೋಡಿದ ಕ್ಷಣವೇ ಟೈಲ್ಸಿನವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮಹಾಶಯ ತನ್ನ ಗುಂಡಿಯನ್ನು ತಾನೇ ತೋಡಿಕೊಂಡಿದ್ದ.

ಆಸ್ಪತ್ರೆಯಲ್ಲಿ ಎಲ್ಲರಿಗೂ ಸೇರಿ ಒಂದೇ ಪ್ರಾರ್ಥನಾ ಕೋಣೆ ಕಟ್ಟುತ್ತಿದ್ದರು. ದೊಡ್ಡ ಕಿಟಕಿಗೆ ಬಣ್ಣದ ಗಾಜು ಕೂರಿಸುವ ಕೆಲಸ ಅವನದು, ಎದುರಿನ ಗೋಡೆಗೆ ಬಿಳಿ ಟೈಲ್ಸ್ ಹಾಕುವ ಕೆಲಸ ಅವಳದು. ಕ್ರೈಸ್ತರು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಾರೆ, ಮುಸ್ಲಿಮರು ಗೋಡೆಯ ಕಡೆ ಮುಖ ಮಾಡಿ ನಮಾಜಿಗೆ ನಿಲ್ಲುತ್ತಾರೆ. ಅವನು ಕಿಟಕಿಯಲ್ಲಿ ಶಿಲುಬೆಗೇರಿದ ಯೇಸುವನ್ನು ಬರೆದಿದ್ದ. ಸಂಜೆಗೆ ಮುಂಚಿನ ಅಸರ್ ನಮಾಜಿನ ಹೊತ್ತಿಗೆ ಬಿಸಿಲು ಹೊರಗಿನ ಗಾಜಿನ ಕಟ್ಟಡಕ್ಕೆ ಬಡಿದು, ಪೂರ್ವಕ್ಕಿದ್ದ ಆ ಕಿಟಕಿಯಿಂದ ತೂರಿಬಂದು ನೇರ ಅವಳ ಗೋಡೆಗೆ ಬೀಳುತ್ತದೆ. ಅಂದರೆ, ರೂಪವೇ ಇಲ್ಲದ ದೇವರಿಗೆ ತಲೆಬಾಗುವವರ ಕಣ್ಣೆದುರಿಗೇ ದೇವರ ರೂಪ! ಆಸ್ಪತ್ರೆಯ ಕಮಿಟಿಯವರು ಆ ಗಾಜನ್ನು ಅಂದೇ ಕೀಳಿಸುತ್ತಾರೆ.

ಇಷ್ಟೆಲ್ಲ ಗೊತ್ತಾದರೂ ಅವಳು ತುಟಿ ಪಿಟಕ್ಕೆನ್ನಲಿಲ್ಲ.

"ಏನು ಮುಳ್ಳು, ನಕ್ಷೆ ಹೇಗಿದೆ?" ಎಂದ ಅವನು. ಮುಳ್ಳು ಎಂಬುದು ಕಾಲೇಜಿನಲ್ಲಿ ಅವನೇ ಇಟ್ಟಿದ್ದ ಹೆಸರು. ಒಂದು ಹುಬ್ಬು ಮಾತ್ರ ಮೇಲೇರಿಸಿ ನೋಡುವ ಚಾಳಿಯೂ ಹಾಗೇ ಇತ್ತು.

"ಚೆನ್ನಾಗಿದೆ. ಹೀಗೇ ಮಾಡು."

"ನೀನು ಹೊಗಳಿದ್ರೆ ನಂಗೆ ಭಯ ಆಗುತ್ತೆ."

"ಆಗ್ಲಿ, ಒಳ್ಳೇದೇ," ಎಂದು ಅವಳು ಸಿಹಿಯಾಗಿ ನಕ್ಕಳು.

ಹಗೆಗೆ ಕಾರಣವಿತ್ತು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಒಮ್ಮೆ ದೇವರ ಸ್ವರೂಪವೇ ವಿಷಯವಾಗಿತ್ತು. ಅವಳು ಇಸ್ಲಾಂ ಕಡೆಯಿಂದ, ಅವನು ಕ್ರೈಸ್ತರ ಕಡೆಯಿಂದ. ಹಿಂದಿನ ಸಂಜೆ ಲೈಬ್ರರಿಯ ಮೆಟ್ಟಿಲ ಮೇಲೆ, ಇವನು ನನ್ನವನು ಎಂಬ ಭರವಸೆಯಲ್ಲಿ, ಅವಳು ಯಾರಿಗೂ ಹೇಳದ ಸಂಶಯವನ್ನು ಅವನ ಮುಂದೆ ಬಿಚ್ಚಿಟ್ಟಿದ್ದಳು. "ಅಲ್ಲಾಹ್ ಪ್ರೀತಿಸುವವನು ಅಂತೀವಿ. ಏನೂ ಸೃಷ್ಟಿ ಆಗೋಕೆ ಮುಂಚೆ, ಅವನೊಬ್ಬನೇ ಇದ್ದಾಗ, ಯಾರನ್ನ ಪ್ರೀತಿಸ್ತಿದ್ದ? ನಂಗೆ ಉತ್ತರ ಸಿಗ್ತಿಲ್ಲ ಕಣೋ."

ಮರುದಿನ ವೇದಿಕೆಯ ಮೇಲೆ ಅವನು ಅದನ್ನೇ ಎತ್ತಿ ಅವಳ ಮುಖಕ್ಕೆ ಎಸೆದ. "ನಮ್ಮ ದೇವರೂ ಒಬ್ಬನೇ. ಆದರೆ ಆ ಒಬ್ಬನಲ್ಲೇ ತಂದೆ, ಮಗ, ಪವಿತ್ರಾತ್ಮ ಇದ್ದಾರೆ. ಲೋಕ ಹುಟ್ಟುವ ಮುಂಚೆಯೂ ತಂದೆ ಮಗನನ್ನು ಪ್ರೀತಿಸುತ್ತಿದ್ದ. ನಿಮ್ಮ ದೇವರು ಯಾರನ್ನು ಪ್ರೀತಿಸುತ್ತಿದ್ದ?"

ಸಭೆ ಚಪ್ಪಾಳೆ ತಟ್ಟಿತು. ಅವಳ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಅವನು ಕಪ್ ಎತ್ತಿಕೊಂಡು ಹೋದ. ಅಂದಿನಿಂದ ಅವಳು ಮಾತು ಬಿಟ್ಟಳು. ಅವನನ್ನು ಮರೆಯುವುದೊಂದು ಮಾತ್ರ ಆಗಲಿಲ್ಲ, ಅದಕ್ಕೂ ಅವನ ಮೇಲೇ ಸಿಟ್ಟು.

ಕೋಣೆ ತೋರಿಸಲು ಅವಳು ಬೇಕೆಂದೇ ಅಸರ್ ಹೊತ್ತನ್ನು ಗೊತ್ತುಮಾಡಿಸಿದಳು. ಗಾಜು ಕೂತದ್ದು ಅಂದು ಬೆಳಿಗ್ಗೆಯಷ್ಟೇ. ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮ ಬಂದರು, ಕಮಿಟಿಯಲ್ಲಿದ್ದ ಅವಳ ಸೋದರಮಾವ ಬಂದರು, ಬಿಡುವಿದ್ದ ನರ್ಸುಗಳೂ ಬಂದು ನಿಂತರು. ಅವಳು ಗೋಡೆಗೆ ಬೆನ್ನು ಹಾಕಿ ಅವನನ್ನೇ ನೋಡುತ್ತಿದ್ದಳು. ಆ ಮುಖ ಬಿಳಿಚಿಕೊಳ್ಳುವುದನ್ನು ಕಣ್ಣಾರೆ ಕಾಣಬೇಕಿತ್ತು. ಗಾಜು ಕೊಯ್ದು ಕೊಯ್ದು ಗಾಯವಾದ ಅವನ ಬೆರಳುಗಳೂ ಕಂಡವು. ಥೂ, ಅದನ್ನೆಲ್ಲ ಯಾಕೆ ನೋಡಬೇಕು?

ಬಿಸಿಲು ಒಳಗೆ ಬಂತು.

"ಸುಭಾನಲ್ಲಾಹ್!" ಎಂದು ಬೆರಗಾದರು ಮಾವ.

ಅವಳು ತಿರುಗಿದಳು. ಗೋಡೆಯ ಮೇಲೆ ಯೇಸುವೂ ಇಲ್ಲ, ಶಿಲುಬೆಯೂ ಇಲ್ಲ. ಕೆಂಪು, ನೀಲಿ, ಜೇನಿನ ಬಣ್ಣಗಳು ಬಿಳಿ ಟೈಲ್ಸಿನ ತುಂಬ ಒಂದರೊಳಗೊಂದು ಕರಗಿ ಹರಡಿದ್ದವು. ಕಿಟಕಿಯಲ್ಲಿ ಮಾತ್ರ ನೋವುಂಡ ಮನುಷ್ಯನ ಆಕಾರ ಸ್ಪಷ್ಟವಾಗಿತ್ತು.

ಎಲ್ಲರೂ ಹೊಗಳುತ್ತಿದ್ದಾಗ ಅವಳು ಅವನನ್ನು ಮೂಲೆಗೆ ಕರೆದಳು. "ಏನು ಮಾಡಿದೆ?"

"ಒರಟು ಗಾಜು ಹಾಕಿದೆ. ಬೆಳಕು ಚದುರಿಹೋಗುತ್ತೆ, ಆಕಾರ ಗೋಡೆವರೆಗೂ ಬರಲ್ಲ."

"ಎರಡು ಧರ್ಮವೂ ಒಂದೇ ಅಂತ ತೋರ್ಸೋಕಾ?"

"ಅಲ್ಲ. ಎರಡೂ ಒಂದೇ ಅಲ್ಲ. ದೇವರು ಮನುಷ್ಯನಾಗಿ ಬಂದು ನಮ್ಮ ನೋವುಂಡ ಅಂತ ನಾನು ನಂಬ್ತೀನಿ. ದೇವರ ಹಾಗೆ ಇನ್ನೊಂದಿಲ್ಲ, ಅವನಿಗೆ ಆಕಾರ ಕೊಡಬಾರದು ಅಂತ ನೀನು ನಂಬ್ತೀಯ. ನನ್ನ ನಂಬಿಕೆ ನಿನ್ನ ಗೋಡೆ ಮೇಲೆ ಬೀಳಬಾರದು. ನೀನೇ ಹೇಳ್ಕೊಟ್ಟಿದ್ದು, ಅದೇ ಮೆಟ್ಟಿಲ ಮೇಲೆ."

"ಅಂದ್ರೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು. ನೀನು ಗೊತ್ತಿದ್ದೂ ಸುಮ್ಮನಿದ್ದೀಯ ಅನ್ನೋದೂ ಗೊತ್ತಿತ್ತು. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾದೆ."

ಅವಳ ಮೈಯೆಲ್ಲ ಉರಿದುಹೋಯಿತು. ಅಂದು ಮೋಸ ಮಾಡಿದವನೂ ಇವನೇ, ಇಂದು ಒಳ್ಳೆಯವನಾಗಿ ನಿಂತವನೂ ಇವನೇ. ಸೇಡು ತೀರಿಸಿಕೊಳ್ಳಲೂ ಬಿಡಲಿಲ್ಲವಲ್ಲ!

"ಹಾಗಾದ್ರೆ ಅವತ್ತು ವೇದಿಕೆ ಮೇಲೆ ಕೇಳಿದ ಪ್ರಶ್ನೆ ಈಗ ಕೇಳು. ಇಲ್ಲೇ, ಎಲ್ಲರ ಮುಂದೆ. ಅದು ಯಾರದು ಅಂತಾನೂ ಹೇಳು."

ಅವನು ಕೋಣೆಯ ನಡುವೆ ಹೋಗಿ ನಿಂತ.

"ಹಿಂದೆ ಇವಳು ನನ್ನ ನಂಬಿ ಒಂದು ಸಂಶಯ ಹೇಳಿದ್ಲು. ಗೆಲ್ಲೋ ಆಸೇಲಿ ಅದನ್ನೇ ಕದ್ದು ಸಭೇಲಿ ಇವಳ ಮೇಲೆ ಹಾಕಿದೆ. ಗೆದ್ದೆ, ಇವಳನ್ನ ಕಳ್ಕೊಂಡೆ. ಈಗ ಇವಳ ಅಪ್ಪಣೆ ಪಡೆದೇ ಕೇಳ್ತಿದ್ದೀನಿ." ಅವನ ದನಿ ಇಳಿಯಿತು. "ಯಾರೂ ಇಲ್ಲದಾಗ ನಿಮ್ಮ ದೇವರು ಯಾರನ್ನ ಪ್ರೀತಿಸ್ತಿದ್ದ?"

ಅವಳು ಇಷ್ಟು ವರ್ಷ ಮಸೆದಿಟ್ಟ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು.

"ಪ್ರೀತಿ ಅವನ ಗುಣ. ಇನ್ನೊಬ್ಬರು ಬಂದ ಮೇಲೆ ಹುಟ್ಟಿದ್ದಲ್ಲ. ಅವನಿಗೆ ಯಾರನ್ನೂ ಹೋಲಿಸಬಾರದು, ಮಾಮಾ, ತಪ್ಪಾದ್ರೆ ಕ್ಷಮಿಸಿ." ಇಲ್ಲಿಗೆ ನಿಲ್ಲಿಸಬೇಕಿತ್ತು. ಸಿಟ್ಟು ನಿಲ್ಲಲು ಬಿಡಲಿಲ್ಲ. "ದೇವರ ಮಾತು ಹಾಗಿರ್ಲಿ, ನನ್ನಂಥ ಕೆಟ್ಟ ಕೋಪದವಳಿಗೇ ಪ್ರೀತಿಸೋಕೆ ಎದುರಿಗೆ ಯಾರೂ ಬೇಕಾಗ್ಲಿಲ್ಲ! ಇಷ್ಟು ವರ್ಷ ಇವನು ನನ್ನ ಎದುರಿಗಿದ್ನಾ? ಒಂದು ಮಾತಿತ್ತಾ, ಒಂದು ಫೋನಿತ್ತಾ? ಪ್ರೀತಿ ಹೋಯ್ತಾ? ಹಾಳಾದ್ದು, ಹೋಗಲೇ ಇಲ್ಲ!"

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸತೊಡಗಿದರು. ಮಾವ ಗೋಡೆಯ ಟೈಲ್ಸನ್ನು ಬಹಳ ಮುತುವರ್ಜಿಯಿಂದ ಪರೀಕ್ಷಿಸಿದರು.

ಗಾಜಿನವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಕಿವಿಯವರೆಗೂ ಕೆಂಪೇರಿದ್ದ ಅವನ ಮುಖದಲ್ಲಿ ಕಣ್ಣುಗಳು ತುಂಬಿಕೊಂಡಿದ್ದವು.

"ಏನು, ಉತ್ತರ ಇಲ್ವಾ?" ಎಂದಳು ಅವಳು.

ಅವನು ಬೆಪ್ಪನಂತೆ ತಲೆಯಾಡಿಸಿದ. ತುಂಬಿದ ಸಭೆಯಲ್ಲಿ ಅವನು ಹೀಗೆ ಮಾತು ಸೋತು ನಿಲ್ಲುವುದನ್ನು ನೋಡಲೆಂದೇ ಅವಳು ಇಷ್ಟು ಕಾಲ ಕಾದಿದ್ದಳು. ಕಣ್ತುಂಬ ನೋಡಿದಳು. ಆಮೇಲೆ ಹತ್ತಿರ ಹೋಗಿ, ಗಾಯದ ಆ ಬೆರಳುಗಳನ್ನು ಎಲ್ಲರ ಮುಂದೆಯೇ ಹಿಡಿದುಕೊಂಡಳು.