ಆಹಾ ಅಂದರೆ ಕಲ್ಲಾಗುವ ಅರಮನೆ

ಮರಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಮೋರಗಢವೆಂಬ ರಜಪೂತರ ರಾಜ್ಯವಿತ್ತು. ಅಲ್ಲೊಂದು ಅರಮನೆ. ಎಂಥಾ ಅರಮನೆ ಅಂತೀರಿ, ಏಳು ಒಂಟೆ ಒಂದರ ಮೇಲೊಂದು ನಿಂತರೂ ಹೆಬ್ಬಾಗಿಲ ಚಿಲಕ ಎಟುಕುತ್ತಿರಲಿಲ್ಲ. ಅದರ ಗೋಪುರಕ್ಕೆ ತಾಗಿದ ಮೋಡ ಬಿಡಿಸಿಕೊಳ್ಳಲಾರದೆ ಅಲ್ಲೇ ಮುದಿಯಾಗುತ್ತಿತ್ತು.

ಆ ಅರಮನೆಯನ್ನು ಧುಂಧಕನೆಂಬ ಮಾಂತ್ರಿಕ ಕಸಿದುಕೊಂಡಿದ್ದ. ಅದರೊಳಗೆ ಯಾರು 'ಆಹಾ' ಅಂದರೂ ನಿಂತಲ್ಲೇ ಕಲ್ಲು. ಏಳನೆಯ ದಿನ ಹೊತ್ತು ಮುಳುಗಿದರೆ ಆ ಕಲ್ಲು ಗೋಡೆಗೋ ಕಂಬಕ್ಕೋ ಕೂಡಿಕೊಂಡು, ಮಾಯೆಯೇ ಅಳಿದ ಹೊರತು ಮತ್ತೆಂದೂ ಮನುಷ್ಯನಾಗದು. ಎರಡು ಅಂಗಳ ದಾಟಿ ಬಂದು, ತಾನು ಕಟ್ಟಿದ ಕನ್ನಡಿ ಮಹಲಿನಲ್ಲಿ ಒಂದೇ ಒಂದು ಕುಂದು ತೋರಿಸಿದವರಿಗೆ ಎಲ್ಲರನ್ನೂ ಬಿಟ್ಟುಕೊಡುವೆನೆಂದು ಅವನು ಡಂಗುರ ಹೊಡೆಸಿದ್ದ.

ಕಲ್ಲುಕುಟಿಗರ ಹೆಣ್ಣು ಧಾಪು ಹೊರಟಳು. ಅರಮನೆ ನೋಡಲು ಹೋದ ಅವಳ ತಮ್ಮ ಖೇಮ ಕಲ್ಲಾಗಿ ಅವತ್ತಿಗೆ ಏಳನೆಯ ದಿನ.

ಮೊದಲ ಅಂಗಳದಲ್ಲಿ ಜೇನುಬಣ್ಣದ ಕಲ್ಲಿನ ಆನೆ ದಾರಿಗೆ ಅಡ್ಡ ನಿಂತಿತ್ತು. ಅದರ ಬೆನ್ನಿಗೆ ಹೊದಿಸಿದ ಝೂಲಿನ ಕಲ್ಲುಕುಚ್ಚು ಗಾಳಿಗೆ ಅಲ್ಲಾಡುತ್ತಿತ್ತು.

"ಹೇಗಿದ್ದೇನೆ, ಹೇಳು" ಅಂದಿತು ಆನೆ.

ಧಾಪುವಿನ ಕುಲದಲ್ಲೊಂದು ಪದ್ಧತಿ. ಎಷ್ಟು ಚೆಂದ ಕಡೆದರೂ ದೃಷ್ಟಿ ತಾಕದಿರಲಿ ಅಂತ ಬೇಕೆಂದೇ ಒಂದು ಕುಂದು ಬಿಡಬೇಕು. ಬೇರೆಯವರ ಕೆಲಸ ಕಂಡರೆ ಮೊದಲು ಆ ಕುಂದು ಹುಡುಕಿ ಕೈಮುಗಿಯಬೇಕು. ಅವಳು ಬಗ್ಗಿ ನೋಡಿದಳು. "ಬಲ ಹಿಂಗಾಲಿಗೆ ಒಂದು ಉಗುರು ಕಮ್ಮಿ" ಅಂದು ಕೈಮುಗಿದಳು.

"ಮುನ್ನೂರು ವರ್ಷಕ್ಕೆ ಒಬ್ಬಳಾದರೂ ನನ್ನ ಕಾಲು ನೋಡಿದಳಲ್ಲ. ಎಲ್ಲರಿಗೂ ದಂತವೇ ಬೇಕು. ಬೆನ್ನೇರು ಮಗಳೆ" ಅಂತ ಆನೆ ಮಂಡಿಯೂರಿತು.

ಎರಡನೆಯ ಅಂಗಳದಲ್ಲಿ ಸಾವಿರ ಕಣ್ಣಿನ ಜಾಲಂದ್ರ. ಬಿಸಿಲು ಅದರಲ್ಲಿ ಸೋಸಿಕೊಂಡು ಹಾಲುಗಲ್ಲಿನ ನೆಲದ ಮೇಲೆ ಹೂವಾಗಿ ಬೀಳುತ್ತಿತ್ತು. ಆ ಹೂಗಳನ್ನು ಗಾಜಿನ ನವಿಲುಗಳು ಮೇಯುತ್ತಿದ್ದವು. ಮೇದಷ್ಟೂ ಹೂ ಅರಳುತ್ತಿದ್ದವು. ಧಾಪುವಿನ ಕಣ್ಣು ಕೋರೈಸಿತು. ಆದರೂ ನೆಲವನ್ನೆಲ್ಲ ನೋಡುತ್ತ ಹೋಗಿ ಹೂ ಬೀಳದ ಒಂದು ಮೂಲೆ ಕಂಡಳು. "ಇಲ್ಲೊಂದು ಕಣ್ಣು ಕೊರೆದಿಲ್ಲ" ಅಂದು ಕೈಮುಗಿದಳು.

"ಮೆಲ್ಲಗೆ ಹೇಳೇ, ಆ ನೆರಳಲ್ಲಿ ನಮ್ಮಜ್ಜ ಮಲಗಿದಾನೆ" ಅಂದ ನವಿಲೊಂದು ದಾರಿ ಬಿಟ್ಟಿತು.

ಮೂರನೆಯದು ಕನ್ನಡಿ ಮಹಲು. ಒಂದು ಹಣತೆ, ಲಕ್ಷ ನಕ್ಷತ್ರ. ಮೇಲೆ ಆಕಾಶ, ಕೆಳಗೂ ಆಕಾಶ, ನಡುವೆ ತೇಲಿದಂತೆ ಧಾಪು. ಒಂದು ಕಂಬದ ಹತ್ತಿರ ಖೇಮ ಬಾಯಿ ತೆರೆದುಕೊಂಡೇ ಕಲ್ಲಾಗಿ ನಿಂತಿದ್ದ.

ಧಾಪು ಹುಡುಕಿದಳು. ಗೋಡೆ ತಡವಿದಳು, ನೆಲ ತಡವಿದಳು. ಕುಂದೇ ಇಲ್ಲ. ಹೊತ್ತು ಮುಳುಗಲು ಒಂದು ಗೇಣು ಉಳಿದಿತ್ತು. ಗಂಟಲಿಗೆ ಬಂದ 'ಆ' ಅನ್ನು ಸೆರಗು ಕಚ್ಚಿ ನುಂಗಿದಳು.

"ಏನವ್ವ ಕಲ್ಲುಕುಟಿಗರ ಮಗಳೆ, ಉಳಿ ಮೊಂಡಾಯಿತೇ?" ಅಂತ ಕಂಬದ ಹಿಂದಿನಿಂದ ಬಂದು ನಕ್ಕ ಧುಂಧಕ.

ಆಗ ಅವಳಿಗೆ ಹೊಳೆಯಿತು. ದೃಷ್ಟಿಬೊಟ್ಟಿಲ್ಲದ ಮಗುವಿಗೆ ಹೆತ್ತ ಕಣ್ಣೇ ಮೊದಲು ತಾಕುತ್ತದೆ.

"ಸೋತೆ ಸ್ವಾಮಿ" ಅಂದಳು. "ನನ್ನದು ಸಣ್ಣ ಕಣ್ಣು. ಇದನ್ನು ಕಟ್ಟಿದ ಕಣ್ಣಿಗೆ ಇದು ಹೇಗೆ ಕಾಣುತ್ತದೋ, ಅದನ್ನಷ್ಟು ತೋರಿಸಿ. ಆಮೇಲೆ ಏನಾದರೂ ಮಾಡಿ."

ಅವನನ್ನು ಅದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ. "ಬಾ, ಈ ಬಳ್ಳಿ ನೋಡು. ಒಂದೇ ಉಸಿರಿಗೆ ಹಬ್ಬಿಸಿದೆ. ಈ ಗುಮ್ಮಟ ನೋಡು. ತಾರೆಗಳು ತಾವೇ ಬಂದು ಅಂಟಿಕೊಂಡವು." ತೋರಿಸುತ್ತ ತೋರಿಸುತ್ತ ಅವನ ದನಿ ಮೆತ್ತಗಾಯಿತು. ಸಂಜೆಯ ಕೊನೇ ಬಿಸಿಲು ಕಿಟಕಿಯಿಂದ ಒಳಬಂತು. ಲಕ್ಷ ಕನ್ನಡಿಯೂ ಒಟ್ಟಿಗೆ ಕೆಂಪಾದವು.

"ಆಹಾ" ಅಂದ ಧುಂಧಕ.

ಅವನ ಕಾಲು ಕಲ್ಲಾಯಿತು, ಸೊಂಟ ಕಲ್ಲಾಯಿತು. "ನಾನು ಹಾಗಂದಿಲ್ಲ" ಅನ್ನುವಷ್ಟರಲ್ಲಿ ಬಾಯಿಯೂ ಕಲ್ಲಾಯಿತು.

ಮಾಡಿದವನೇ ಕಲ್ಲಾಗಲು ಮಾಯೆ ಅಳಿದು ಖೇಮನ ಬೆರಳು ಬೆಚ್ಚಗಾಯಿತು. "ಅಕ್ಕಾ, ಕಾಲು ಜುಮ್ಮಂತಿದೆ."

"ಏಳು ದಿನ ನಿಂತರೆ ಜುಮ್ಮನ್ನದೆ ಕುಣಿಯುತ್ತಾ? ಕೈ ಕೊಡು, ದಡ್ಡ."

ಗೋಡೆ ಗೋಡೆಯಿಂದಲೂ ಕಂಬ ಕಂಬದಿಂದಲೂ ಮಂದಿ ಇಳಿದು ಬಂದರು. ಮೋರಗಢದ ರಾಣಿಯೂ ಇಳಿದಳು, ಅವಳ ಅಡುಗೆಯವನೂ ಇಳಿದ. ಅವನು ಅಲ್ಲೇ ಒಲೆ ಹೂಡಿ ಸಜ್ಜೆರೊಟ್ಟಿ ತಟ್ಟಿದ. ರಾಣಿಯೂ ಕುಟಿಗರೂ ಒಂದೇ ಸಾಲಿನಲ್ಲಿ ಕೂತು ಉಂಡರು. ಅಂದಿನಿಂದ ಅವರ ಒಲೆ ಆರಲಿಲ್ಲ, ಕತೆ ಕೇಳಿದವರ ಒಲೆಯೂ ಆರದಿರಲಿ.